ಬಾಳೂರಿನ ಹಳ್ಳ ಅಮೆರಿಕಕ್ಕೆ ಹೋಗಿ ಬಂದದ್ದು

ನಿವೃತ್ತಿ ಎಂಬ ಮಾತು ನನ್ನ ವಯಸ್ಸಿಗೆ ದೊಡ್ಡದಾಯಿತು ಎಂದು ಮನೆಯವರು ನಗುತ್ತಾರೆ. ತಲೆ ನರೆತಿಲ್ಲ, ಪಿಂಚಣಿಯೂ ಇಲ್ಲ. ಆದರೆ ವರದಿಗಾರ್ತಿಯ ಕೆಲಸ ಬಿಟ್ಟಾಗಿದೆ, ಮತ್ತೆ ಆ ಕಡೆ ಹೋಗುವವಳಲ್ಲ. ಇದಕ್ಕೆ ಬೇರೆ ಹೆಸರು ನನಗೆ ತಿಳಿಯದು. ಬಿಟ್ಟ ಕಾರಣ ನನ್ನ ಸ್ವಂತದ್ದು, ಅದು ಇಲ್ಲಿ ಬೇಡ.

ಈಚೆಗೆ ಪತ್ರಿಕೋದ್ಯಮ ಓದಿದ ಇಬ್ಬರು ಹುಡುಗಿಯರು ಬಂದು, ಪರಿಸರ ವರದಿಗಾರಿಕೆ ಎಂದರೆ ಹೇಗಿರುತ್ತದೆ ಎಂದು ಕೇಳಿದರು. ಅವರ ಮಾತಿನಲ್ಲಿ ಹಿಮಕರಡಿ, ತಿಮಿಂಗಿಲ, ಉರಿಯುವ ಕಾಡು ಎಲ್ಲ ಬಂದು ಹೋದವು. ನಾನು ಅವೆಲ್ಲವುಗಳ ಬಗ್ಗೆಯೂ ಬರೆದಿದ್ದೇನೆ, ಚಿಕ್ಕಮಗಳೂರಿನ ಒಂದು ಮಹಡಿ ಕೋಣೆಯಲ್ಲಿ ಕುಳಿತು. ಒಂದನ್ನೂ ಕಣ್ಣಿನಿಂದ ಕಂಡಿಲ್ಲ. ಕಂಡದ್ದು ಒಂದು ಹಳ್ಳ. ಅವರಿಗೆ ಆ ಹಳ್ಳದ ಕಥೆ ಹೇಳಿದೆ. ಬರೆದುಕೊಡಿ ಎಂದರು.

ತೊಂಬತ್ತರ ದಶಕದ ನಡುವೆ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಊರಿಗೆ ಬಂದ ನಾನು ಒಂದು ಜಿಲ್ಲಾ ದಿನಪತ್ರಿಕೆ ಸೇರಿದೆ. ಅದರ ಮಾಲೀಕರೂ ಸಂಪಾದಕರೂ ಆದ ಶಿವಲಿಂಗಪ್ಪನವರದು ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಮನೆತನ. ಸುದ್ದಿಯನ್ನು ಅವರು ಬಟ್ಟೆಯ ಹಾಗೇ ನೋಡುತ್ತಿದ್ದರು: ಉದ್ದ ಅಳೆದು ಕತ್ತರಿಸುವುದು, ಉಳಿದ ತುಂಡನ್ನು ಬಿಸಾಡದೆ ಎತ್ತಿಡುವುದು. ವಾರಕ್ಕೊಮ್ಮೆ ‘ದೂರದ ಹಸಿರು’ ಎಂಬ ಅಂಕಣವನ್ನು ನನಗೆ ವಹಿಸಿದರು. ಹೆಸರಿನಲ್ಲೇ ಅವರ ನೀತಿ ಇತ್ತು.

“ಮೇಡಂ, ಪರಿಸರ ಬರೀರಿ, ಧಾರಾಳವಾಗಿ ಬರೀರಿ. ಆದ್ರೆ ಘಾಟಿ ಆಚೆದ್ದು ಬರೀರಿ” ಎಂದರು.

ಘಾಟಿಯ ಈಚೆ ಇದ್ದವರೆಲ್ಲ ನಮ್ಮ ಜಾಹೀರಾತುದಾರರು, ಇಲ್ಲವೇ ಜಾಹೀರಾತುದಾರರ ಬೀಗರು. ಹಾಗಾಗಿ ಆಫ್ರಿಕದ ಮರುಭೂಮಿ ಎಷ್ಟು ಬೇಕಾದರೂ ಬೆಳೆಯಬಹುದಿತ್ತು, ಮೂಡಿಗೆರೆಯ ಗುಡ್ಡದಲ್ಲಿ ಒಂದು ಮರ ಬೀಳುವಂತಿರಲಿಲ್ಲ.

ಟೆಲಿಪ್ರಿಂಟರಿನಲ್ಲಿ ಇಂಗ್ಲಿಷಿನಲ್ಲಿ ಬರುತ್ತಿದ್ದ ಜಗತ್ತಿನ ಸುದ್ದಿಯನ್ನು ಆರಿಸಿ, ಶಾಲಾ ಅಟ್ಲಾಸು ಬಿಡಿಸಿ ದೇಶ ಹುಡುಕಿ, ಕನ್ನಡಕ್ಕೆ ತರುವುದು ನನ್ನ ಕೆಲಸ. ಓದುಗರು ಯಾರು ಎಂಬ ಬಗ್ಗೆ ನನಗೆ ಅಂದಾಜಿರಲಿಲ್ಲ. ಓಜೋನ್ ಪದರ ತೂತಾಗಿದೆ ಎಂದು ಗಾಬರಿ ಹುಟ್ಟುವ ಹಾಗೆ ಬರೆದ ವಾರ ಕೊಪ್ಪದ ಕಡೆಯ ಬೆಳೆಗಾರರೊಬ್ಬರು ಫೋನ್ ಮಾಡಿ ಸಮಾಧಾನ ಹೇಳಿದರು. ನಮ್ಮದು ನೆರಳಿನ ಬೆಳೆ ಮೇಡಂ, ಮೇಲೆ ಸಿಲ್ವರ್ ಓಕ್ ಇದೆ, ನಮಗೇನೂ ಆಗುವುದಿಲ್ಲ ಎಂದರು. ಆಫ್ರಿಕದಲ್ಲಿ ದಂತಕ್ಕಾಗಿ ಆನೆ ಕೊಂದು ಸಂಖ್ಯೆ ಇಳಿದಿದೆ ಎಂದು ಬರೆದಾಗ ಇನ್ನೊಬ್ಬರು, ಬೇಕಾದರೆ ನಮ್ಮ ತೋಟಕ್ಕೆ ಬರುವವನ್ನು ಕಳಿಸಿಕೊಡೋಣ, ಲಾರಿ ಬಾಡಿಗೆ ಅವರೇ ಕೊಡಲಿ ಎಂದರು.

ಎಲ್ಲಕ್ಕಿಂತ ಪಾಠ ಕಲಿಸಿದ್ದು ಬ್ರೆಜಿಲ್. ಅಲ್ಲಿ ಕಾಡು ಕಡಿದದ್ದರಿಂದ ಮಳೆ ತಪ್ಪಿ, ಬೆಳೆ ಒಣಗಿ, ರೈತರು ಕಂಗಾಲಾದ ಸುದ್ದಿಯನ್ನು ಮನಸ್ಸಿಟ್ಟು ಬರೆದಿದ್ದೆ. ಮರುದಿನ ಬೆಳಿಗ್ಗೆ ಮೂಡಿಗೆರೆಯಿಂದ ಆಫೀಸಿಗೆ ಮೈಸೂರುಪಾಕಿನ ಡಬ್ಬ ಬಂತು. ಒಣಗಿದ ಬೆಳೆ ಕಾಫಿ ಎಂದು ನಾನು ಎರಡನೇ ಪ್ಯಾರಾದಲ್ಲಿ ಬರೆದಿದ್ದೆ. ಅಲ್ಲಿ ಒಣಗಿದರೆ ಇಲ್ಲಿ ದರ ಏರುತ್ತದೆ. ಶಿವಲಿಂಗಪ್ಪನವರು ಒಂದು ತುಂಡು ಬಾಯಿಗೆ ಹಾಕಿಕೊಂಡು, ವಾರಕ್ಕೊಂದು ಸಲ ಬ್ರೆಜಿಲ್ ಬರಲಿ ಎಂದರು. ದೂರದ ಸುದ್ದಿ ಎಂಬುದು ಇಲ್ಲ ಎಂದು ನನಗೆ ತಿಳಿದದ್ದು ಆ ಡಬ್ಬದಿಂದ. ಈ ಕೆಲಸಕ್ಕೆ ಬರುವ ಹುಡುಗಿಯರಿಗೆ ನನ್ನ ಮೊದಲ ಮಾತು ಇದೇ: ನಿಮ್ಮ ಓದುಗ ಸುದ್ದಿಯನ್ನು ಎಲ್ಲಿ ಇಟ್ಟುಕೊಂಡು ಓದುತ್ತಾನೆ ಎಂದು ನೋಡಿ.

ಗಿರಿಜಮ್ಮ ನಮ್ಮ ಮಹಡಿ ಹತ್ತಿ ಬಂದದ್ದು ಕಾಫಿ ಕೊಯ್ಲಿನ ಕಾಲದಲ್ಲಿ. ಬಾಳೂರಿನಿಂದ ಕಳಸದ ಕಡೆ ಹೋಗುವ ರಸ್ತೆಯ ತಿರುವಿನಲ್ಲಿ ಅವರದೊಂದು ಚಿಕ್ಕ ಹೋಟೆಲು. ಗಂಡ ತೀರಿಕೊಂಡ ಮೇಲೆ ಅದೇ ಅವರ ಬದುಕು. ಕೈಚೀಲದಿಂದ ಒಂದು ಬಾಟಲಿ ತೆಗೆದು, ಖಾಲಿ ಇದ್ದದ್ದು ಅದೊಂದೇ ಎಂದು ಸಂಪಾದಕರ ಮೇಜಿನ ಮೇಲೆ ಇಟ್ಟರು. ನಾನು ಅವರಿಗೆ ಕುಡಿಯಲು ನೀರು ತರಲು ಒಳಗೆ ಹೋದೆ.

ಕೊಯ್ಲಿನ ಕಾಲದಲ್ಲಿ ತೋಟದವರು ಪತ್ರಿಕೆಯ ಆಫೀಸಿಗೆ ಜೇನು, ಕಿತ್ತಳೆ, ಜೋನಿಬೆಲ್ಲ ಕಳಿಸುವುದು ವಾಡಿಕೆ. ಬಾಟಲಿಯಲ್ಲಿ ಕಂದು ಬಣ್ಣದ ದ್ರವ ಕಂಡರೆ ನಮ್ಮ ಕಡೆ ಯಾರೂ ಬೇರೇನೂ ಯೋಚಿಸುವುದಿಲ್ಲ. ಹೊರಗಿನಿಂದ ಬಂದ ಶಿವಲಿಂಗಪ್ಪನವರು, ಓ, ಜೋನಿಬೆಲ್ಲ ಎಂದು ಸಂತೋಷಪಟ್ಟು ಮುಚ್ಚಳ ತಿರುಗಿಸಿದರು.

ಅದು ಪಲ್ಪರ್ ನೀರು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಪಲ್ಪರ್, ಬೀಜ ತೊಳೆದ ಲೋಳೆ ನೀರು ಅದರಿಂದ ಹೊರಗೆ ಹರಿಯುತ್ತದೆ. ಆ ನೀರು ಒಂದೆರಡು ದಿನದಲ್ಲಿ ಹುಳಿ ಬಂದು ಗ್ಯಾಸು ಕಟ್ಟುತ್ತದೆ. ಬಾಳೂರಿನಿಂದ ಚಿಕ್ಕಮಗಳೂರಿನವರೆಗೆ ಬಸ್ಸು ಅದನ್ನು ಪ್ರತಿ ತಿರುವಿನಲ್ಲೂ ಕುಲುಕಿತ್ತು. ಮುಚ್ಚಳ ಸೂರಿಗೆ ಹಾರಿತು, ನೀರು ಸಂಪಾದಕರ ಬಿಳಿ ಅಂಗಿಗೆ ಬಿತ್ತು. ಮೇಲಕ್ಕೆ ಚಿಮ್ಮಿದ್ದನ್ನು ಫ್ಯಾನು ಉಳಿದವರಿಗೆ ಭೇದವಿಲ್ಲದೆ ಹಂಚಿತು. ನಾನು ನೀರಿನ ಲೋಟ ಹಿಡಿದು ಬರುವಷ್ಟರಲ್ಲಿ ಎಲ್ಲರೂ ಬಾಲ್ಕನಿಯಲ್ಲಿದ್ದರು. ಗಿರಿಜಮ್ಮ ಮಾತ್ರ ಕುರ್ಚಿಯಲ್ಲಿ ಕೂತೇ ಇದ್ದರು.

“ಇದು ಒಂದು ಬಾಟ್ಲಿ. ನಮ್ಮನೆ ಪೈಪಲ್ಲಿ ದಿನಾ ಬರತ್ತೆ” ಎಂದರು.

ಅವರ ಸಂಕಟ ಇಷ್ಟು. ಹೋಟೆಲಿಗೆ ನೀರು ಮೇಲಿನ ಹಳ್ಳದಿಂದ ಪೈಪಿನಲ್ಲಿ ಇಳಿದು ಬರುತ್ತದೆ. ಹಳ್ಳ ಹರಿಯುವುದು ಸುಬ್ಬೇಗೌಡರ ಎಸ್ಟೇಟಿನಲ್ಲಿ. ಗೌಡರು ದೊಡ್ಡ ಪಲ್ಪರ್ ಹಾಕಿಸಿದ ಮೇಲೆ ಕೊಯ್ಲು ಶುರುವಾದರೆ ಸಾಕು, ನೀರು ಕಪ್ಪಾಗಿ ನಾರುತ್ತದೆ. ವರ್ಷದಲ್ಲಿ ವ್ಯಾಪಾರ ಆಗುವುದೇ ಆ ಕಾಲದಲ್ಲಿ: ಜೀಪುಗಳು, ಕೂಲಿಯವರು, ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಸಾಗಿಸುವ ಲಾರಿಯವರು. ಈಗ ಜೀಪಿನವರು ನಿಲ್ಲಿಸದೆ ಹೋಗುತ್ತಾರೆ. ಕಾಫಿ ತೊಳೆದ ನೀರಿನಲ್ಲಿ ಮಾಡಿದ ಕಾಫಿಯನ್ನು ಕಾಫಿ ನಾಡಿನವರೇ ಕುಡಿಯಲಾರರು. ಇನ್ನೊಂದು ಕೊಯ್ಲು ಹೀಗೇ ಹೋದರೆ ಬಾಗಿಲು ಮುಚ್ಚಿ ತಮ್ಮನ ಮನೆ ಸೇರಬೇಕು ಎಂದರು. ತಮ್ಮನ ಹೆಂಡತಿಯ ಬಗ್ಗೆ ಒಂದು ಮಾತು ಹೇಳಿದರು. ಅದನ್ನು ಬರೆಯುವುದಿಲ್ಲ, ಆದರೆ ನೀರು ಎಷ್ಟು ಮುಖ್ಯ ಎಂದು ಅದರಿಂದಲೇ ಗೊತ್ತಾಯಿತು.

ಮಾರನೆಯ ದಿನ ಕಳಸದ ಬಸ್ಸು ಹಿಡಿದು ಹೋಗಿ ನೋಡಿದೆ. ಹಳ್ಳಕ್ಕೆ ಅಡ್ಡಲಾಗಿ ಒಂದು ಕಾಲುಸಂಕ ಇತ್ತು, ಅಂಥದನ್ನು ನಾನು ಬೇರೆಲ್ಲೂ ನೋಡಿಲ್ಲ. ಹಳೆಯ ಜೀಪೊಂದರ ಚಾಸಿಯನ್ನೇ ದಡದಿಂದ ದಡಕ್ಕೆ ಮಲಗಿಸಿ ಮೇಲೆ ಹಲಗೆ ಹೊಡೆದಿದ್ದರು. ಮುಂದಿನ ಬಂಪರು ಹಾಗೇ ಇತ್ತು. ಕೆಳಗೆ ಕಪ್ಪು ನೀರು, ನೊರೆ. ಹಳ್ಳದ ಉದ್ದಕ್ಕೂ ಫೋಟೋ ತೆಗೆದೆ.

ಬರೆಯಲು ಗಿರಿಜಮ್ಮನ ಷರತ್ತು ಕೇಳಿದಾಗ ನನಗೆ ಶಿವಲಿಂಗಪ್ಪನವರೇ ಸೀರೆಯುಟ್ಟು ನಿಂತಂತೆ ಕಂಡಿತು. ಗೌಡರ ಹೆಸರು ಬೇಡ, ಬಾಳೂರು ಬೇಡ, ತಮ್ಮ ಹೋಟೆಲಂತೂ ಬೇಡವೇ ಬೇಡ.

“ಪೈಪು ಬರದು ಅವ್ರ ತೋಟದಿಂದ್ಲೇ ಅಲ್ವಾ? ಹೆಸ್ರು ಹಾಕಿದ್ರೆ ಆಮೇಲೆ ಕೆಟ್ಟ ನೀರೂ ಇಲ್ಲ ಮಾರಾಯ್ತಿ” ಎಂದರು.

ಹಾಗಾದರೆ ದೂರಕ್ಕೆ ಹೋಗುವುದೇ ಸರಿ ಎಂದುಕೊಂಡೆ. ಹಳೆಯ ಟೆಲಿಪ್ರಿಂಟರ್ ಸುರುಳಿಗಳನ್ನು ಕೆದಕಿದಾಗ ಮಧ್ಯ ಅಮೆರಿಕದ ಕಾಫಿ ಕಣಿವೆಯೊಂದರ ಸುದ್ದಿ ಸಿಕ್ಕಿತು. ಅಲ್ಲಿಯೂ ಪಲ್ಪರ್ ನೀರಿನಿಂದ ನದಿ ಕೆಟ್ಟಿತ್ತು, ಮೀನು ಸತ್ತಿದ್ದವು. ಆಮೇಲೆ ಬೆಳೆಗಾರರು ಒಂದರ ಕೆಳಗೊಂದು ಗುಂಡಿ ತೆಗೆದು, ಸುಣ್ಣ ಹಾಕಿ, ನೀರನ್ನು ತಂಗಿಸಿ ಬಿಡತೊಡಗಿದ್ದರು. ನಾನು ಒಂದು ಅಕ್ಷರವನ್ನೂ ಸೇರಿಸಲಿಲ್ಲ. ಅಲ್ಲಿದ್ದದ್ದನ್ನೇ ಬರೆದೆ. ಇಲ್ಲಿಯವರು ತಾವೇ ಅರ್ಥ ಮಾಡಿಕೊಳ್ಳಲಿ ಎಂಬುದು ನನ್ನ ಲೆಕ್ಕ.

ಆಗ ಪುಟ ಕಟ್ಟುವುದೆಂದರೆ ಟೈಪಾಗಿ ಬಂದ ಸುದ್ದಿಯನ್ನು ಕತ್ತರಿಸಿ ದೊಡ್ಡ ಹಾಳೆಗೆ ಅಂಟಿಸುವುದು. ಅದನ್ನು ಮಾಡುತ್ತಿದ್ದ ರಾಜಣ್ಣನಿಗೆ ಪುಟದಲ್ಲಿ ಖಾಲಿ ಜಾಗ ಕಂಡರೆ ಆಗುತ್ತಿರಲಿಲ್ಲ. ನನ್ನ ಬರಹ ಸ್ವಲ್ಪ ಗಿಡ್ಡವಾಗಿತ್ತು. ನಾನು ಮನೆಗೆ ಹೋಗಿಯಾಗಿತ್ತು. ನನ್ನ ಮೇಜಿನ ಮೇಲೆ ಒಂದು ಹೊಳೆಯ ಫೋಟೋ ಇತ್ತು. ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ಬಾಳೂರಿನ ಹಳ್ಳ, ಜೀಪಿನ ಚಾಸಿ, ಬಂಪರು, ನೊರೆ. ಅಡಿಬರಹ: ‘ಮಧ್ಯ ಅಮೆರಿಕದ ನದಿ’.

ಕೇಳಿದಾಗ ರಾಜಣ್ಣ ತಣ್ಣಗೆ, “ನೀರು ನೀರೇ ಅಲ್ವಾ ಮೇಡಂ, ಎಲ್ಲಿದಾದ್ರೆ ಎಂತ?” ಎಂದ.

ನೀರು ಹೋಗಲಿ, ಜೀಪು? ಮೂಡಿಗೆರೆಯಿಂದ ಕಳಸದವರೆಗೆ ಆ ಚಾಸಿಯನ್ನು ಅರಿಯದವರಿರಲಿಲ್ಲ. ಮಧ್ಯಾಹ್ನದೊಳಗೆ ಸುದ್ದಿ ಬಸ್ಸು ಹತ್ತಿತ್ತು. ಬೆಳೆಗಾರರ ಕ್ಲಬ್ಬಿನಲ್ಲಿ ಒಬ್ಬರು ಸುಬ್ಬೇಗೌಡರಿಗೆ, ಗೌಡ್ರೇ, ಅಮೆರಿಕದಲ್ಲಿ ಎಸ್ಟೇಟು ತಗೊಂಡದ್ದು ಹೇಳಲೇ ಇಲ್ಲ ಎಂದರಂತೆ. ಇನ್ನೊಬ್ಬರು, ಪಾಸ್‌ಪೋರ್ಟ್ ಇಲ್ಲದೆ ಜೀಪು ಹೇಗೆ ದಾಟಿಸಿದ್ರಿ ಎಂದರಂತೆ. ಗೌಡರ ತೋಟದ ಲೆಕ್ಕ ನೋಡುವ ರೈಟರನ್ನು ಮೂಡಿಗೆರೆಯ ಅಂಗಡಿಗಳಲ್ಲಿ ಡಾಲರು ಇದೆಯೇ ಎಂದು ಕೇಳತೊಡಗಿದರು. ಸಂಜೆಯ ಹೊತ್ತಿಗೆ ಆ ನೀರಿಗೆ ‘ಅಮೆರಿಕ ಹಳ್ಳ’ ಎಂಬ ಹೆಸರು ನಿಂತಿತು.

ನನಗೆ ನಗು ಬರಲಿಲ್ಲ. ತಪ್ಪು ಅಚ್ಚಾದರೆ ತಿದ್ದುಪಡಿ ಹಾಕಬೇಕು ಎಂದು ಪಟ್ಟು ಹಿಡಿದೆ. ಶಿವಲಿಂಗಪ್ಪನವರು ಕೈಮುಗಿದರು. ಚಿತ್ರ ಅಮೆರಿಕದ್ದಲ್ಲ ಎಂದರೆ ಮತ್ತೆ ಎಲ್ಲಿಯದು ಎಂದು ಹೇಳಬೇಕಾಗುತ್ತದೆ. ಹೇಳಿದರೆ ಆ ಹೊಲಸು ನೀರು ಇಂಥವರದು ಎಂದು ಪತ್ರಿಕೆಯೇ ಸಾರಿದಂತೆ. ನಾನು ನಾಲ್ಕಾರು ರೀತಿ ಬರೆದು ನೋಡಿದೆ. ‘ಚಿತ್ರಕ್ಕೂ ಬರಹಕ್ಕೂ ಸಂಬಂಧವಿಲ್ಲ’ ಎಂದೆ. ಅದು ಎಲ್ಲಕ್ಕಿಂತ ದೊಡ್ಡ ಸುಳ್ಳಾಗಿತ್ತು. ಜಗತ್ತಿನಲ್ಲಿ ತಪ್ಪಿಗಿಂತ ಅಪಾಯಕಾರಿಯಾದ ತಿದ್ದುಪಡಿ ಇರಬಹುದು ಎಂದು ವಿಶ್ವವಿದ್ಯಾಲಯದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ನೋಡೋಣ ಎಂದು ಅದನ್ನು ತಡೆಹಿಡಿದೆವು.

ವಾರದ ಕೊನೆಗೆ ಗಿರಿಜಮ್ಮನ ಹೋಟೆಲಿಗೆ ಹೋದೆ. ಅವರು ನನ್ನನ್ನು ನೋಡಿ, ಪಕ್ಕದ ಬೆಂಚಿನಲ್ಲಿದ್ದ ಜೀಪಿನವನಿಗೆ ಕಾಫಿ ಕೊಟ್ಟು, ಒಲೆಗೆ ಮುಖ ಮಾಡಿ ನಿಂತರು. ನನ್ನನ್ನು ಕಾಫಿಗೆ ಕೇಳಲಿಲ್ಲ. ನಮ್ಮ ಕಡೆ ಬೈಯುವುದಕ್ಕಿಂತ ಕಾಫಿ ಬೇಕಾ ಎಂದು ಕೇಳದಿರುವುದು ದೊಡ್ಡದು. ಜೀಪಿನವನು ಹೋದ ಮೇಲೆ ಬಾಯಿ ಬಿಟ್ಟರು.

“ನಿನ್ನ ಅಮೆರಿಕ ಬಂದು ನನ್ನ ಪೈಪಿನ ಮೇಲೆ ಕೂತ್ಕಂತು ನೋಡು. ಗೌಡ್ರ ಮೇಸ್ತ್ರಿ ಎರಡು ದಿನದಿಂದ ಪೈಪಿನ ಬುಡದಲ್ಲಿ ಓಡಾಡ್ತಾ ಅವ್ನೆ.”

ಗೌಡರು ಏನಾದರೂ ಹೇಳಿದರೇ ಎಂದು ಕೇಳಿದೆ. ಏನೂ ಹೇಳಿಲ್ಲ, ಅದೇ ಹೆದರಿಕೆ ಎಂದರು. ಬಸ್ಸು ಬರುವವರೆಗೆ ಬಾಯಾರಿಕೊಂಡೇ ಕೂತಿದ್ದೆ.

ಸುಬ್ಬೇಗೌಡರು ಆಫೀಸಿಗೆ ಬಂದದ್ದು ಅದರ ಮುಂದಿನ ವಾರ. ಖಾಕಿ ಚಡ್ಡಿ, ಕೈಯಲ್ಲಿ ಟೋಪಿ. ಎಪ್ಪತ್ತರ ಆಸುಪಾಸಿನವರು. ರಾಜಣ್ಣ ಪುಟದ ಹಿಂದೆ ಅಡಗಿದ. ಶಿವಲಿಂಗಪ್ಪನವರು ಕುರ್ಚಿ ಒರೆಸಿ, ಕಾಫಿಗೆ ಹೇಳಿ ಕಳಿಸಿದರು. ಬಂದ ಕೆಲಸವನ್ನು ಕಾಫಿ ಮುಗಿಯುವ ಮೊದಲು ಹೇಳುವುದು ನಮ್ಮಲ್ಲಿ ಒರಟುತನ. ಗೌಡರು ಆ ಲೋಟವನ್ನು ಬಹಳ ಹೊತ್ತು ಕುಡಿದರು. ಕಾಫಿ ಹೂ ಬಿಡಿಸುವ ಹೂಮಳೆ ಈ ಸಲ ಬೇಗ ಬಂದೀತೇ ಎಂದು ಮಾತಾಡಿದರು. ಕರಿಮೆಣಸಿಗೆ ರೋಗ ಎಂದರು. ಬ್ರೆಜಿಲ್ ವಿಚಾರಿಸಿದರು. ಶಿವಲಿಂಗಪ್ಪನವರು ಪ್ರತಿಯೊಂದಕ್ಕೂ ಹೌದು ಹೌದು ಎಂದು ಬೆವರಿದರು. ಕೊನೆಗೆ ಗೌಡರು ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದರು.

“ಆ ಅಮೆರಿಕದವ್ರು ಗುಂಡಿ ತೆಗೆದ್ರು ಅಂತ ಬರ್ದಿದ್ರಲ್ಲಮ್ಮ. ಎಷ್ಟು ಆಳ?”

ನಾನು ಇದೊಂದನ್ನು ಬಿಟ್ಟು ಬೇರೆ ಎಲ್ಲ ಪ್ರಶ್ನೆಗೂ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಆಳ ಸುದ್ದಿಯಲ್ಲಿ ಇರಲಿಲ್ಲ ಸರ್, ವಿಚಾರಿಸಿ ಹೇಳುತ್ತೇನೆ ಎಂದೆ.

“ವಿಚಾರಿಸಿ. ನಾನು ಕೊಯ್ಲು ಟೈಮಲ್ಲಿ ಹಳ್ಳದ ಕಡೆ ಇಳಿದು ಎಷ್ಟೋ ವರ್ಷ ಆತು. ಪಲ್ಪರ್ ಮನೆ ಎಲ್ಲ ರೈಟರು ನೋಡ್ಕಳದು. ಪೇಪರಲ್ಲಿ ಕಂಡಿದ್ದಕ್ಕೆ ಹೋಗಿ ನೋಡ್ದೆ.” ಸ್ವಲ್ಪ ಹೊತ್ತು ಟೋಪಿಯ ಅಂಚನ್ನು ತಿರುಗಿಸಿದರು. “ಅದು ನಮ್ಮ ಅಪ್ಪ ತಗೊಂಡ ಮೊದಲ್ನೇ ಜೀಪು. ಕೆಟ್ಟು ನಿಂತ ಮೇಲೂ ಮಾರಕ್ಕೆ ಮನಸ್ಸಾಗ್ದೆ ಅವ್ರೇ ಅಲ್ಲಿ ಹಾಕ್ಸಿದ್ದು. ಅಂಥ ನೀರಿನ ಮೇಲೆ ನಿಂತಿದ್ದನ್ನ ಊರೆಲ್ಲ ನೋಡ್ತಲ್ಲ.”

ಆಮೇಲೆ ಅವರೇ, ತಿದ್ದುಪಡಿ ಹಾಕುತ್ತೀರಂತೆ ಎಂದು ಕೇಳಿದರು. ನಮ್ಮ ಆಫೀಸಿನ ಗುಟ್ಟುಗಳೂ ಕಳಸದ ಬಸ್ಸಿನಲ್ಲೇ ಓಡಾಡುತ್ತಿದ್ದವು. ಹಾಕದೆ ಇರಲಾಗುವುದಿಲ್ಲ ಎಂದೆ. ಶಿವಲಿಂಗಪ್ಪನವರು ಕಣ್ಣು ಮುಚ್ಚಿಕೊಂಡರು.

“ಹಾಕಿ. ಆದ್ರೆ ಈಗ್ಲೇ ಬೇಡ. ಮುಂದಿನ ಕೊಯ್ಲು ಬರ್ಲಿ.”

ಹೊರಡುವಾಗ ಮೆಟ್ಟಿಲವರೆಗೆ ಹೋಗಿ ಪೈಪಿನ ಮಾತು ಎತ್ತಿದೆ. ಮೇಸ್ತ್ರಿ ಓಡಾಡಿದ್ದು ಗುಂಡಿಗೆ ಜಾಗ ನೋಡಲು ಎಂದರು. ಪೈಪು ಕೀಳುವ ಯೋಚನೆಯೇ ಬಂದಿಲ್ಲ, ಅದನ್ನು ಗಿರಿಜಮ್ಮನಿಗೆ ತಾವೇ ಹೋಗಿ ಹೇಳೋಣವೆಂದರೆ ಹೋಟೆಲಿನಲ್ಲಿ ಜೀಪಿನವರೆಲ್ಲ ನಗುತ್ತಾರೆ ಎಂದು ಸುಮ್ಮನಿದ್ದಾರಂತೆ. ನಾನು ಅಂದೇ ಬಸ್ಸು ಹಿಡಿದು ಹೋಗಿ ಹೇಳಿದೆ. ಗಿರಿಜಮ್ಮ ಒಲೆಯ ಕಡೆ ತಿರುಗಿಯೇ ಕೇಳಿಸಿಕೊಂಡು, ಸಕ್ಕರೆ ಎಷ್ಟು ಹಾಕಲಿ ಎಂದರು. ಆ ಕಾಫಿ ನಾರುತ್ತಿತ್ತು. ಪೂರ್ತಿ ಕುಡಿದೆ.

ಮುಂದೆ ಎಲ್ಲವೂ ಸಲೀಸಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆಳ ಎಷ್ಟಿರಬೇಕು ಎಂದು ತಿಳಿದವರಿಗೆಲ್ಲ ಕಾಗದ ಬರೆದು, ಬಂದ ಉತ್ತರಗಳನ್ನು ಗೌಡರಿಗೆ ಕಳಿಸಿದೆ. ಒಂದು ಉತ್ತರ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಮಳೆಗಾಲ ಕಳೆದ ಮೇಲೆ ಗುಂಡಿ ತೆಗೆಸಿದರು, ಸುಣ್ಣದ ಚೀಲ ಬಂತು. ಆದರೆ ಮೇಲಿನ ಗುಂಡಿ ದಂಡೆಗೆ ತೀರ ಹತ್ತಿರವಾಗಿ, ಕೊಯ್ಲಿನ ಆರಂಭದಲ್ಲೇ ನೀರು ಸೋರಿ ಹಳ್ಳ ಸೇರಿತು. ಕಂಡಕ್ಟರ್ ಕೈಯಲ್ಲಿ ಗಿರಿಜಮ್ಮ ಕಳಿಸಿದ ಬಾಟಲಿ ಬಂತು, ಈ ಸಲ ಮುಚ್ಚಳ ಸಡಿಲ ಮಾಡಿ, ಬಟ್ಟೆ ಸುತ್ತಿ. ಶಿವಲಿಂಗಪ್ಪನವರು ಅದು ಮೆಟ್ಟಿಲು ಹತ್ತುವ ಮೊದಲೇ ಹೊರಗೆ ಕೆಲಸವಿದೆ ಎಂದು ಹೊರಟರು. ಗೌಡರು ಮೇಸ್ತ್ರಿಯ ಮೇಲೆ ಕೂಗಾಡಿ, ಆ ಗುಂಡಿ ಮುಚ್ಚಿಸಿ ಬೇರೆ ತೆಗೆಸಿದರು.

ಅರೇಬಿಕಾ ಕೊಯ್ಲು ಮುಗಿಯುವ ಹೊತ್ತಿಗೆ ಮೂರನೆಯ ಬಾಟಲಿ ಬಂತು. ಬಿಸಿಲಿಗೆ ಹಿಡಿದರೆ ಆಚೆಯ ಕಿಟಕಿ ಕಾಣುತ್ತಿತ್ತು. ಶಿವಲಿಂಗಪ್ಪನವರು ದೂರ ನಿಂತು, ನೀವೇ ತೆಗೀರಿ ಮೇಡಂ ಎಂದರು. ಮುಚ್ಚಳ ಬಿಗಿಯಾಗಿತ್ತು. ಅದನ್ನು ತಿರುಗಿಸುವಾಗ ಸದ್ದೇ ಬರಲಿಲ್ಲ. ಗಿರಿಜಮ್ಮ ಗ್ಯಾಸಿಗೆ ಹೆದರದೆ ಮುಚ್ಚಳ ಬಿಗಿ ಮಾಡಿದ್ದಾರೆಂದರೆ ಅದಕ್ಕಿಂತ ಬೇರೆ ಪರೀಕ್ಷೆ ನನಗೆ ಬೇಕಿರಲಿಲ್ಲ. ಹೋಗಿ ಫೋಟೋ ತೆಗೆದೆ. ‘ದೂರದ ಹಸಿರು’ ಅಂಕಣದಲ್ಲೇ, ಘಾಟಿಯ ಈಚೆಯ ಚಿತ್ರ ಮೊದಲ ಸಲ ತನ್ನ ಊರಿನ ಹೆಸರಿನಲ್ಲೇ ಅಚ್ಚಾಯಿತು. ಕೆಳಗೆ ತಿದ್ದುಪಡಿ: ‘ಕಳೆದ ಕೊಯ್ಲಿನಲ್ಲಿ ಮಧ್ಯ ಅಮೆರಿಕದ್ದೆಂದು ಈ ಪುಟದಲ್ಲಿ ಪ್ರಕಟವಾದ ಚಿತ್ರ ಇದೇ ಹಳ್ಳದ್ದು. ಇದು ಬಾಳೂರಿನ ಬಳಿ, ಸುಬ್ಬೇಗೌಡರ ತೋಟದಲ್ಲಿದೆ. ತಪ್ಪಿಗೆ ವಿಷಾದಿಸುತ್ತೇವೆ.’ ತಮ್ಮ ಹೆಸರು ಬಿಟ್ಟುಹೋಗಬಾರದು ಎಂದು ಗೌಡರು ಎರಡು ಸಲ ಫೋನ್ ಮಾಡಿದ್ದರು. ಆ ದಿನ ಅವರು ಗಿರಿಜಮ್ಮನ ಹೋಟೆಲಿನಲ್ಲಿ ಜೀಪಿನವರ ನಡುವೆ ಕೂತು ಕಾಫಿ ಕುಡಿದರು ಎಂದು ಸಂಜೆಯ ಬಸ್ಸಿನಲ್ಲಿ ಸುದ್ದಿ ಬಂತು. ಯಾರೂ ನಗಲಿಲ್ಲವಂತೆ. ನಕ್ಕರೂ ಅವರು ಹೋದ ಮೇಲಂತೆ.

ಆಮೇಲೆ ಟೆಲಿಪ್ರಿಂಟರ್ ಹೋಗಿ ಇಂಟರ್‌ನೆಟ್ ಬಂತು, ಕತ್ತರಿ ಗೋಂದಿನ ಜಾಗದಲ್ಲಿ ಮೌಸು ಬಂತು. ಪಲ್ಪರ್ ನೀರಿಗೆ ಸರ್ಕಾರದ ನಿಯಮಗಳು ಬಿಗಿಯಾದವು, ಗುಂಡಿ ತೆಗೆಯುವುದು ಎಲ್ಲರಿಗೂ ಅನಿವಾರ್ಯವಾಯಿತು. ಅದರಲ್ಲಿ ನನ್ನ ಅಂಕಣದ ಪಾಲೇನೂ ಇಲ್ಲ. ನಾನು ತಿಮಿಂಗಿಲದ ಬಗ್ಗೆ ಇನ್ನೂ ಎಷ್ಟೋ ವರ್ಷ ಬರೆದೆ. ತಿಮಿಂಗಿಲಗಳಿಂದ ಯಾವ ಬಾಟಲಿಯೂ ಬರಲಿಲ್ಲ.

ತಿದ್ದುಪಡಿಯ ಬಗ್ಗೆ ಮಾತ್ರ ಒಂದು ಮಾತು ಉಳಿದಿದೆ. ಹೋದ ತಿಂಗಳು ಕಳಸದ ಬಸ್ಸಿನಲ್ಲಿ ಗಿರಿಜಮ್ಮನನ್ನು ನೋಡಲು ಹೋಗುತ್ತಿದ್ದೆ. ಕಂಡಕ್ಟರ್ ಹೊಸ ಹುಡುಗ, ಹಳೆಯ ಕಥೆ ಕೇಳಿರುವ ವಯಸ್ಸೇ ಅಲ್ಲ. ಬಾಳೂರು ದಾಟಿ ತಿರುವು ಬರುತ್ತಿದ್ದಂತೆ ಸೀಟಿ ಊದಿ, “ಅಮೆರಿಕ ಇಳಿಯೋರು ಯಾರ್ರೀ, ಬಾಗ್ಲಿಗ್ ಬನ್ನಿ” ಎಂದು ಕೂಗಿದ.

ಅದು ಅಮೆರಿಕ ಅಲ್ಲ ಎಂದು ಹೇಳಬೇಕೆನ್ನಿಸಿತು. ಬಸ್ಸಿನಲ್ಲಿ ಏಳೆಂಟು ಜನ ಎದ್ದು ನಿಂತಿದ್ದರು. ನಾನೂ ಎದ್ದೆ.